ಪಟದ ಕೂಸು

“ಗಂಜಿ ತಿನ್ನಿಸ್ತ್ಯನೇ ಬೋಳಿ? ನಿನ್ನೆ ಹೇಳಿದ್ದು ಕಿವಿಗೆ ಬೀಳ್ಲಿಲ್ವನೇ?”

ಚೌಡ ಮೆಟ್ಟು ಬಿಚ್ಚದೆ ಜಗಲಿ ಹತ್ತಿ ಬಂದವನೇ ಸಣ್ಣಿಯ ಕೈಯಲ್ಲಿದ್ದ ಕರಟಕ್ಕೆ ಒದ್ದ. ಗಂಜಿ ಸಗಣಿ ಸಾರಿಸಿದ ನೆಲದ ಮೇಲೆ ಹರಿಯಿತು. ಅವಳ ತೊಡೆಯ ಮೇಲಿದ್ದ ಶುಕ್ರ ಬಾಯಿ ತೆರೆದುಕೊಂಡೇ ಇದ್ದ. ತುತ್ತು ಬರುವುದಿಲ್ಲವೆಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಳತೊಡಗಿದ. ಅಳುವಿಗೂ ಬಲವಿರಲಿಲ್ಲ, ಬೆಕ್ಕಿನ ಮರಿ ಕಿರುಗುಟ್ಟಿದ ಹಾಗೆ.

“ನಿನ್ನೆಯಿಂದ ಎಂತದೂ ತಿನ್ಲಿಲ್ಲ ಅಂವ. ಹೊಟ್ಟೆ ಬೇರೆ ಹೋಗ್ತಾ ಅದೆ. ಒಂದು ಬಾಯಿ ಗಂಜಿ ಕೊಟ್ರೆ ಯಾರಪ್ಪನ ಗಂಟು ಹೋತು?” ಅಂದಳು ಸಣ್ಣಿ.

“ನಾಲಿಗೆ ಉದ್ದ ಮಾಡ್ಬೇಡ. ಹೊಟ್ಟೆ ಉಬ್ಬಿಸ್ಕಂಡು ಕೂತ್ರೆ ಫಾರಿನ್‌ನವ್ರು ಎಂತಕೆ ಕೊಡ್ತಾರೆ? ಅವ್ರ ಸರ್ಕಾರ ಕೊಡೂದು ಹಸಿದ ಮಕ್ಳಿಗೆ. ಹಸಿದದ್ದು ಕಾಣ್ಬೇಕು.”

ಚೌಡ ಅಂದರೆ ಜಮೀನುದಾರ ಮಾಸ್ತಪ್ಪ ಒಡೇರ ಮನೆಯ ಮೇಲಾಳು, ಆಳುಗಳನ್ನು ನೋಡಿಕೊಳ್ಳುವವನು. ಮಾವಳ್ಳಿಗೆ ಹೋಗುವ ದಾರಿಯಿಂದ ಕಡಲ ಕಡೆಗೆ ಇಳಿದರೆ ಸಿಗುವ ಆ ಪುಟ್ಟ ಕೇರಿಯ, ಕೊಪ್ಪದ, ಗುಡಿಸಲುಗಳೆಲ್ಲ ನಿಂತಿದ್ದು ಒಡೇರ ನೆಲದ ಮೇಲೆ. ಕೊಪ್ಪದ ಗಂಡಸರು ಅವರ ಗದ್ದೆ ಉಳುತ್ತಿದ್ದರು, ಹೆಂಗಸರು ನಟ್ಟಿ ಮಾಡಿ ಕೊಯ್ಲು ಮಾಡಿ ಮಾವಳ್ಳಿ ಸಂತೆಗೆ ಬಸಳೆ, ಹರಿವೆ ಹೊತ್ತು ಮಾರುತ್ತಿದ್ದರು. ಚೌಡ ಒದೆಯದ ಮಡಕೆ ಅಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಹಿಂದಿನ ವಾರ ಒಡೇರು ಕೊಪ್ಪದವರನ್ನೆಲ್ಲ ಅಂಗಳಕ್ಕೆ ಕರೆಸಿದ್ದರು. ಕಡಲಾಚೆಯ ಯಾವುದೋ ದೇಶದ ಸರ್ಕಾರ, ಲೋಕದ ಬಡ ಮಕ್ಕಳಿಗಾಗಿ ತನ್ನ ಬೊಕ್ಕಸದಿಂದ ದುಡ್ಡು ತೆಗೆದಿಟ್ಟಿದೆಯಂತೆ. ಆ ದುಡ್ಡಲ್ಲಿ ಹಾಲಿನ ಹುಡಿ, ಗೋಧಿ ರವೆ, ಎಣ್ಣೆ ಬರುತ್ತದಂತೆ. ಕೊಪ್ಪದ ಹತ್ತಿರವೇ ಒಂದು ಬಾಲವಾಡಿ ಆಗುತ್ತದಂತೆ, ಅದರ ಅಧ್ಯಕ್ಷರು ಒಡೇರೇ. ಆದರೆ ಕೊಡುವ ಮೊದಲು ಅವರು ಬಂದು ಕಣ್ಣಾರೆ ನೋಡುತ್ತಾರೆ.

“ಮಕ್ಳಿಗೆ ಮೀಸ್ಬೇಡಿ, ತಲೆಗೆ ಎಣ್ಣೆ ಹಾಕ್ಬೇಡಿ, ಅಂಗಿ ಹಾಕ್ಬೇಡಿ. ಉಣ್ಸೂದಂತೂ ಬೇಡವೇ ಬೇಡ,” ಅಂದಿದ್ದರು ಒಡೇರು. ತಮಾಷೆ ಅಂದುಕೊಂಡು ಕೊಪ್ಪದವರು ನಕ್ಕಿದ್ದರು. ಒಡೇರು ನಕ್ಕಿರಲಿಲ್ಲ.

ಚೌಡ ಹೋದ ಮೇಲೆ ಸಣ್ಣಿಯ ಅತ್ತೆ ತಿಮ್ಮಿ ನೆಲಕ್ಕೆ ಚೆಲ್ಲಿದ್ದ ಅಗುಳನ್ನು ಬೆರಳಿನಿಂದ ಬಳಿದು ಮೊಮ್ಮಗನ ಬಾಯಿಗಿಟ್ಟಳು. “ತಿನ್ನೋ ನನ್ ಮಗನೆ. ಯಾರಿಗೂ ಹೇಳ್ಬೇಡ,” ಅಂದಳು.

*

ಫಾರಿನ್‌ನವರ ಜೀಪು ಬೆಳಿಗ್ಗೆಯೇ ಬರುತ್ತದೆ ಅಂದಿದ್ದರು. ಬಿಸಿಲು ನೆತ್ತಿಗೇರಿದರೂ ಬರಲಿಲ್ಲ. ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕಾದ ಮರಳಲ್ಲಿ ಸಾಲಾಗಿ ಕೂತಿದ್ದರು. ನೆರಳಿಗೆ ಸರಿದವರನ್ನು ಚೌಡ ಅಡಕೆ ದಬ್ಬೆಯಿಂದ ತಿವಿದು ಮತ್ತೆ ಸಾಲಿಗೆ ತಂದ. ಸಣ್ಣಿಯ ಪಕ್ಕದಲ್ಲಿದ್ದ ಬೆಳ್ಳಿ ಸೆರಗಿನಡಿ ಕೂಸಿಗೆ ಮೊಲೆ ಕೊಟ್ಟಿದ್ದನ್ನು ನೋಡಿ ಅವಳ ಜುಟ್ಟು ಹಿಡಿದು ಎಳೆದ. “ಒಂದು ಹೊತ್ತು ತಡ್ಕಣುಕೆ ಆಗೂದಿಲ್ವನೇ ರಂಡೆ, ನಿಂಗೂ ನಿನ್ನ ಪಿಳ್ಳೆಗೂ?”

ಕೊನೆಗೂ ಜೀಪು ಬಂತು. ಇಳಿದವರು ಒಬ್ಬ ಬಿಳಿ ದೊರೆ, ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬಳು ಬಿಳಿ ಹೆಂಗಸು, ಜೊತೆಗೆ ಇಂಗ್ಲಿಷು ಬಲ್ಲ ಇಲಾಖೆಯ ಸಾಹೇಬ. ಒಡೇರು ಮಲ್ಲಿಗೆ ಮಾಲೆ ಹಾಕಿದರು, ಎಳನೀರು ಕೆತ್ತಿಸಿ ಕೊಟ್ಟರು. ಬಿಳಿಯಮ್ಮ ಮಕ್ಕಳ ಸಾಲನ್ನು ನೋಡುತ್ತ ನಡೆದು ಬಂದವಳು ಶುಕ್ರನ ಎದುರು ನಿಂತುಬಿಟ್ಟಳು. ಎಲುಬು ಕಾಣುವ ಎದೆ, ಊದಿದ ಹೊಟ್ಟೆ, ನೊಣ ಕೂತ ಕಣ್ಣು. ಅವನ ತಲೆಯ ಹಿಂದೆ ಸಣ್ಣಿಯ ಕೊರಳು ತುಂಬ ಕರಿಮಣಿ, ಕೆಂಪು ಮಣಿಗಳ ಸರ. ಬಿಳಿಯಮ್ಮನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ ಅಂತ ಸಣ್ಣಿಗೆ ಅನಿಸಿತು. ಆಮೇಲೆ ಅವಳು ಮರಳಲ್ಲಿ ಮೊಣಕಾಲೂರಿ ಕ್ಯಾಮೆರಾ ಕಣ್ಣಿಗಿಟ್ಟಳು.

ಬಾಲವಾಡಿಗೆ ನೇಮಕವಾಗಿದ್ದ ಸರೋಜಕ್ಕೋರು ಒಂದು ಲೋಟ ಹಾಲು ತಂದು ಶುಕ್ರನ ತುಟಿಗೆ ಹಿಡಿದರು. ಅವನು ಒಂದು ಗುಟುಕು ಕುಡಿದ. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡ. ಕ್ಯಾಮೆರಾ ಟಿಕ್ಕೆಂದಿತು. ಇಲಾಖೆಯ ಸಾಹೇಬ ಕಣ್ಸನ್ನೆ ಮಾಡಿದ. ಅಕ್ಕೋರು ಲೋಟ ಎಳೆದುಕೊಂಡರು. ಕೂಸು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟವನ್ನು ಪಕ್ಕದ ಮಗುವಿನ ತುಟಿಗೆ ಹಿಡಿಯಬೇಕಾಯಿತು. ಸಾಲಿನ ಕೊನೆ ಮುಟ್ಟಿದಾಗಲೂ ಲೋಟದಲ್ಲಿ ಹಾಲು ಉಳಿದಿತ್ತು.

ಜೀಪು ಧೂಳೆಬ್ಬಿಸಿ ಹೋದ ಮೇಲೆ ಸಣ್ಣಿ ಎದ್ದು, “ಅಕ್ಕೋರೆ, ಆ ಉಳಿದ ಹಾಲು...” ಅಂದಳು.

“ಒಡೇರ ಮನೆಯ ಪಾತ್ರೆ ಇದು. ಕೊಂಡೋಗಿ ಕೊಡ್ಬೇಕು,” ಅಂದರು ಅಕ್ಕೋರು, ಮುಖ ತಿರುಗಿಸಿ. ಶುಕ್ರ ಆ ದಾರಿಯನ್ನೇ ನೋಡುತ್ತ ನಾಲಿಗೆ ಚಪ್ಪರಿಸುತ್ತಿದ್ದ.

*

ಮಳೆಗಾಲ ಹಿಡಿಯುವ ಮುಂಚೆ ಲಾರಿ ಬಂತು. ಚೀಲಗಳ ಮೇಲೆ ಯಾರಿಗೂ ಓದಲು ಬಾರದ ಅಕ್ಷರಗಳಿದ್ದವು. ಇಳಿಸಿದವರು ಕೊಪ್ಪದವರೇ. ಸಣ್ಣಿಯ ಗಂಡ ಹಮ್ಮ ಬೆನ್ನು ಬಾಗಿಸಿ ಚೀಲದ ಮೇಲೆ ಚೀಲ ಹೊತ್ತು ಒಡೇರ ಉಗ್ರಾಣದಲ್ಲಿ ಪೇರಿಸಿದ. ಸಂಜೆ ಮನೆಗೆ ಬಂದವನ ಬೆನ್ನು, ಕೂದಲು, ರೆಪ್ಪೆಯೆಲ್ಲ ಹಾಲಿನ ಹುಡಿ ಮೆತ್ತಿ ಬೆಳ್ಳಗಾಗಿತ್ತು. ಶುಕ್ರ ಅಪ್ಪನ ಹೆಗಲು ನೆಕ್ಕಿದ. ಹಮ್ಮ ನಗುತ್ತ, “ನೆಕ್ಕು ಮಗನೆ. ನಾಳಿಂದ ಲೋಟ ತುಂಬಾ ಕುಡೀಲಕ್ಕು,” ಅಂದ.

ಬಾಲವಾಡಿ ಶುರುವಾಯಿತು. ಮೊದಲು ಹಾಲು ಹಾಲಿನಂತೆಯೇ ಇತ್ತು. ಆಮೇಲೆ ಅಕ್ಕಿ ತೊಳೆದ ನೀರಿನ ಹಾಗಾಯಿತು. ಆಮೇಲೆ, “ಇವತ್ತು ಇಲ್ಲ, ನಾಳೆ ಬನ್ನಿ” ಎಂದಾಯಿತು. ಆಷಾಢದ ಮಳೆ ಹಿಡಿಯುವಷ್ಟರಲ್ಲಿ ಬಾಗಿಲಿಗೆ ಬೀಗ ಬಿತ್ತು.

ಒಡೇರ ಮನೆಯಿಂದ ಮಾತ್ರ ಚೀಲ ಹೇರಿದ ಗಾಡಿ ಹೊರಡುವುದು ನಿಲ್ಲಲಿಲ್ಲ. ಭಟ್ಕಳದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಗಟ್ಟಿಯಾಗಿದೆ, ಪೇಡೆ ಅಗ್ಗವಾಗಿದೆ ಎಂದು ಬಸಳೆ ಮಾರಲು ಅಲ್ಲಿಯವರೆಗೂ ಹೋದ ಹೆಂಗಸರು ಹೇಳುತ್ತಿದ್ದರು. ಒಡೇರ ಹಟ್ಟಿಯ ಕರುಗಳಿಗೂ ಆ ಹಾಲಿನ ಹುಡಿಯನ್ನು ಬಾನಿಯಲ್ಲಿ ಕಲಸಿ ಇಡುತ್ತಿದ್ದರು. ಅವುಗಳ ಮೈ ಮಿರಮಿರ ಮಿಂಚುತ್ತಿತ್ತು.

ಕೊಪ್ಪದಲ್ಲಿ ಅಕ್ಕಿ ಮುಗಿದಿತ್ತು. ಕೆಸುವಿನ ಗೆಡ್ಡೆ, ಹಲಸಿನ ಬೇಳೆ, ಹೊಳೆಬದಿಯ ಏಡಿ. ದೊಡ್ಡವರು ಹೇಗೋ ನುಂಗಿದರು. ಶುಕ್ರನಿಗೆ ಅದು ದಕ್ಕಲಿಲ್ಲ. ತಿಂದಿದ್ದೆಲ್ಲ ನೀರಾಗಿ ಹೋಗುತ್ತಿತ್ತು. ಕುತ್ತಿಗೆ ನಿಲ್ಲದಾಯಿತು. ಮಾವಳ್ಳಿಯ ಔಷಧಿ ಅಂಗಡಿಯವನು ಕಣ್ಣ ರೆಪ್ಪೆ ಬಿಡಿಸಿ ನೋಡಿ, “ಔಷಧ ಬೇಡ ಇವ್ನಿಗೆ. ಹಾಲು ಕೊಡಿ, ಹಾಲು,” ಅಂದ.

ಹಮ್ಮ ಒಡೇರ ಅಂಗಳಕ್ಕೆ ಹೋಗಿ ನಿಂತ. ಒಡೇರು ಎಲೆ ಅಡಕೆ ಹಾಕುತ್ತಿದ್ದರು.

“ಒಡ್ಯಾ, ಒಂದು ಸಿದ್ದೆ ಹಾಲಿನ ಹುಡಿ ಕೊಡಿ. ಕೂಸು ಉಳೂದಿಲ್ಲ.”

“ಅದು ಸರ್ಕಾರದ ಮಾಲು. ಹಂಗೆಲ್ಲ ಕೊಡುಕೆ ಬರೂದಿಲ್ಲ.”

“ಮಕ್ಳಿಗೆ ಅಂತ ಬಂದದ್ದಲ್ದ ಒಡ್ಯಾ? ನನ್ ಕೂಸಿನ ಪಟ ತೆಗೆದ್ ಮೇಲಲ್ದ ಬಂದದ್ದು?”

ಒಡೇರು ಎಲೆಯ ತೊಟ್ಟು ಮುರಿದು ಉಗಿದರು. “ಓಹೋ. ನಿನ್ನ ಕೂಸಿನ ಹೇಲು ಮೆತ್ತಿದ ಮುಕಳಿ ಕಂಡು ಅವ್ರು ಕೊಟ್ರನಾ? ನಾನ್ ಓಡಾಡಿದ್ದಕ್ಕೆ ಕೊಟ್ರು. ನಡಿ. ಇನ್ನೊಂದ್ ಮಾತಾಡಿದ್ರೆ ಗುಡ್ಲು ಕಿತ್ತು ಕಡಲಿಗೆ ಹಾಕಿಸ್ತೆ.”

*

ಮರುದಿನ ನಡುಮಧ್ಯಾಹ್ನ, ಜಡಿಮಳೆಯಲ್ಲಿ, ಹಮ್ಮ ಉಗ್ರಾಣದ ಹಿಂಬದಿಯ ಹಂಚು ಸರಿಸಿ ಒಳಗಿಳಿದ. ಚೀಲ ಹರಿದು ಪಂಚೆಯ ಸೆರಗಿಗೆ ಹಾಲಿನ ಹುಡಿ ಕಟ್ಟಿಕೊಂಡ. ಹೊರಗೆ ಹಾರಿದವನ ಎದುರಿಗೆ ಚೌಡ, ಅವನ ಹಿಂದೆ ಒಡೇರ ಆಳುಗಳು.

ಅಂಗಳದ ತೆಂಗಿನ ಮರಕ್ಕೆ ಅವನನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರು. ಮೊದಲು ದೊಣ್ಣೆಯಿಂದ ಹೊಡೆದರು. ಮಂಡಿಗೆ, ಮೊಣಕೈಗೆ, ಎಲುಬು ಚರ್ಮಕ್ಕೆ ಹತ್ತಿರ ಇರುವ ಕಡೆಯೇ ನೋಡಿ ಹೊಡೆದರು. ಹಮ್ಮ ಕೂಗಲಿಲ್ಲ. ಅದು ಚೌಡನಿಗೆ ಸಿಟ್ಟು ತಂದಿತು.

“ಹಾಲು ಬೇಕನಾ ಸೂಳೆಮಗನೆ? ಕುಡಿ, ಹೊಟ್ಟೆ ತುಂಬಾ ಕುಡಿ!”

ಸೆರಗಿನ ಗಂಟು ಬಿಚ್ಚಿ ಹಿಡಿ ಹಿಡಿ ಹುಡಿ ತೆಗೆದು ಹಮ್ಮನ ಬಾಯಿಗೆ ತುರುಕಿದ. ಹಲ್ಲು ಕಚ್ಚಿಕೊಂಡಾಗ ದೊಣ್ಣೆಯ ತುದಿಯಿಂದ ಮೀಟಿ ಬಾಯಿ ತೆರೆಸಿದ. ಮುಂದಿನ ಒಂದು ಹಲ್ಲು ಮುರಿದು ಬಿತ್ತು. ಬಾಯಿ ತುಂಬಿದ ಮೇಲೆ ಮೂಗಿಗೆ ತುರುಕಿದ. ಹುಡಿ ಮಳೆನೀರಿಗೆ ಅಂಟಾಗಿ ಗಂಟಲಿಗೆ ಕೂತಿತು. ಹಮ್ಮನ ಕಣ್ಣುಗಳು ಹೊರಗೆ ಬಂದವು. ಮೂಗಿನಿಂದ ನೆತ್ತರು ಇಳಿದು ಬಿಳಿ ಮೆತ್ತಿನ ಮೇಲೆ ಗೆರೆ ಎಳೆಯಿತು. ಆಳುಗಳಲ್ಲಿ ಒಬ್ಬ, “ಸಾಕು ಮಾರಾಯ, ಸತ್ತೋಗ್ತ,” ಅಂದ. ಚೌಡ ನಿಲ್ಲಿಸಲಿಲ್ಲ.

ಸಣ್ಣಿ ಕೂಸನ್ನು ಕಂಬಳಿಯೊಳಗೆ ಅವುಚಿಕೊಂಡು ಓಡಿ ಬಂದಳು. ಚೌಡನ ಕಾಲು ಹಿಡಿದಳು. ಅವನು ಕೊಡವಿದ. ಅವಳು ಅಂಗಳ ದಾಟಿ ಒಡೇರ ಮೆಟ್ಟಿಲ ತನಕ ಹೋಗಿ, “ಒಡ್ಯಾ, ಕಟ್ಟು ಬಿಚ್ಸಿ. ನಿಮ್ಮ ಹಾಲು ಬೇಡ. ನಂಗೆ ಗಂಡನ್ನ ಕೊಡಿ,” ಎಂದು ಕೂಗಿದಳು. ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು. ಯಾರೋ ಅದನ್ನು ಜೋರು ಮಾಡಿದರು.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕಂಬಳಿಯೊಳಗೆ ಏನೋ ಒಂದು ಸಲ ನಡುಗಿದಂತಾಯಿತು. ಬಗ್ಗಿ ನೋಡಿದಳು. ಶುಕ್ರನ ಕಣ್ಣು ಅರ್ಧ ತೆರೆದಿತ್ತು. ಮಳೆಹನಿ ಬಿದ್ದರೂ ಮುಚ್ಚಲಿಲ್ಲ.

ಸಂಜೆ ಕೊಪ್ಪದವರು ಬಂದು ಹಮ್ಮನ ಹಗ್ಗ ಬಿಚ್ಚಿದರು. ಯಾರೂ ತಡೆಯಲಿಲ್ಲ. ಹಮ್ಮ ಕೆಮ್ಮಿ ಬಿಳಿ ಉಂಡೆಗಳನ್ನು ಕಾರುತ್ತಲೇ, ಗಾಳಿಮರಗಳ ತೋಪಿನ ಅಂಚಿನಲ್ಲಿ ಮರಳು ತೋಡಿ ಮಗನನ್ನು ಮಲಗಿಸಿದ. ತಿಮ್ಮಿ ತನ್ನ ಹಳೆ ಕೆಂಪಂಚಿನ ಸೀರೆ ಹರಿದು ಮೊಮ್ಮಗನಿಗೆ ಸುತ್ತಿದ್ದಳು. ನರಿ ಬಗೆಯಬಾರದೆಂದು ಮೇಲೆ ಚಿರೆಕಲ್ಲು ಹೇರಿ ಮುಳ್ಳು ಹಾಕಿದರು.

*

ಮರುವರ್ಷದ ಕೊಯ್ಲಿಗೆ ಚೌಡ ಗದ್ದೆಗೇ ಬಂದ. ಸಣ್ಣಿ ಬಗ್ಗಿ ಕೊಯ್ಯುತ್ತಿದ್ದಳು.

“ಒಡೇರು ಕರೀತಾರೆ. ಈಗಲೇ.”

ಒಡೇರು ಎಂದೂ ಇಲ್ಲದ ಹಾಗೆ ಅವಳನ್ನು ಜಗಲಿಯ ಕೆಳಗೆ ಕೂರಲು ಹೇಳಿದರು. ಇಲಾಖೆಯ ಸಾಹೇಬನೂ ಇದ್ದ. ಒಡೇರು ಒಳಗಿನಿಂದ ಒಂದು ದೊಡ್ಡ ಕಾಗದ ತಂದು ಬಿಡಿಸಿ ಅವಳ ಮುಂದೆ ಹಿಡಿದರು.

ಅದರಲ್ಲಿ ಶುಕ್ರನಿದ್ದ.

ಎರಡೂ ಕೈಯಲ್ಲಿ ಲೋಟ ಹಿಡಿದು, ತುಟಿಯ ಮೇಲೆ ಹಾಲಿನ ಮೀಸೆ ಮಾಡಿಕೊಂಡು, ನೇರ ಅವಳನ್ನೇ ನೋಡುತ್ತಿದ್ದ. ಹಿಂದೆ ಅವಳ ಮಣಿಸರ, ಗಲ್ಲದ ತುದಿ. ಕೆಳಗೆ ಕಪ್ಪು ಅಕ್ಷರಗಳ ಸಾಲು. ಸಣ್ಣಿ ಕೈ ಚಾಚಿದಳು. ಒಡೇರು ಪಟ ಹಿಂದೆ ಸರಿಸಿದರು.

“ಅವ್ರ ದೇಶದ ಗೋಡೆ ಗೋಡೆಗೂ ಇದನ್ನ ಅಂಟಿಸಿದ್ದಾರಂತೆ. ನಿನ್ನ ಕೂಸು ಅಲ್ಲಿ ದೊಡ್ಡ ಮನ್ಷ ಆಗ್ಬಿಟ್ಟ ಕಾಣು,” ಅಂದರು. ಸಾಹೇಬ ನಕ್ಕ. “ಈಗ ಅವ್ರು ಮತ್ತೆ ಬರ್ತಾರೆ. ಕೊಟ್ಟ ಹಾಲು ಕುಡ್ದು ಆ ಕೂಸು ಹೆಂಗಾಗದೆ ಅಂತ ಕಾಣ್ಬೇಕಂತೆ. ಕಂಡ್ರೆ ಮುಂದಿನ ವರ್ಷಕ್ಕೂ ಕೊಡ್ತಾರೆ.”

“ಕೂಸು ಎಲ್ಲಿ ಅದೆ ಒಡ್ಯಾ?”

“ಚೌಡನ ಕಿರಿ ಮಗ ಅದೆಯಲ್ಲ, ಗುಂಡಗೆ. ಅದನ್ನ ತೊಡೆ ಮೇಲೆ ಕೂಡ್ಸ್ಕಂಡು ನಗ್ತಾ ಕೂತ್ಕ. ಅಷ್ಟೇ. ಅವ್ರು ನಿನ್ನ ಸರ ಕಂಡು ಗುರ್ತ ಹಿಡೀತಾರೆ. ಕೂಸು ಯಾರ್ದು ಅಂತ ಬಿಳಿಯವ್ರಿಗೆ ಎಂತ ಗೊತ್ತಾಗ್ತದೆ? ನಮ್ಮವೆಲ್ಲ ಅವ್ರಿಗೆ ಒಂದೇ ಕಾಣೂದು.”

ಸಣ್ಣಿ ಎದ್ದು ನಿಂತಳು. “ಆಗೂದಿಲ್ಲ,” ಅಂದಳು.

ಒಡೇರ ದನಿ ಬದಲಾಗಲಿಲ್ಲ. “ಹಮ್ಮ ಹಂಚು ತೆಗೆದು ಕಳ್ಳತನ ಮಾಡಿದ್ದು ಪೊಲೀಸರಿಗೆ ಈಗಲೂ ಹೇಳಲಕ್ಕು. ಆ ಕೆಮ್ಮು ಇಟ್ಕಂಡು ಜೈಲಲ್ಲಿ ಎಷ್ಟು ದಿನ ಬದುಕ್ತ? ಮುದುಕಿಯನ್ನ ಎಲ್ಲಿ ಇಟ್ಕಳ್ತ್ಯೆ, ಗುಡ್ಲು ಇಲ್ದೆ?” ಆಮೇಲೆ ಪಟವನ್ನು ಸುರುಳಿ ಸುತ್ತುತ್ತ, “ಸರಿಯಾಗಿ ಮಾಡಿದ್ರೆ ಇದನ್ನ ನಿಂಗೇ ಕೊಡ್ತೆ. ಗೋಡೆಗೆ ಅಂಟಿಸ್ಕ,” ಅಂದರು.

ಸಣ್ಣಿ ಮನೆಗೆ ಹೋಗಿ ಹೇಳಿದಳು. ಹಮ್ಮ ಮೂಲೆಯಲ್ಲಿ ಎದೆ ಹಿಡಿದು ಕೂತಿದ್ದ. ಆ ಮಳೆಗಾಲದ ನಂತರ ಅವನ ಎದೆಯಿಂದ ಸೀಟಿಯಂಥ ಸದ್ದು ಹೋಗಿರಲಿಲ್ಲ, ಉಳುವುದಕ್ಕೂ ಆಗುತ್ತಿರಲಿಲ್ಲ.

“ಪಟದಲ್ಲಿ ಹೆಂಗಿದ್ದ?” ಎಂದು ಕೇಳಿದ.

“ಹಸ್ಕಂಡೇ ಇದ್ದ,” ಅಂದಳು ಸಣ್ಣಿ.

ತಿಮ್ಮಿ ಒಲೆಯ ಮುಂದೆ ಕೂತಿದ್ದವಳು ಮುಖ ತಿರುಗಿಸದೆ, “ಹಂಗಾರೆ ಅದು ಬೇಡ ನಮ್ಗೆ,” ಅಂದಳು.

*

ಬಾಲವಾಡಿಗೆ ಸುಣ್ಣ ಬಳಿದಿದ್ದರು. ಮುಂದೆ ತೆಂಗಿನ ಗರಿಯ ಚಪ್ಪರ, ಅದರ ಕಂಬಕ್ಕೆ ಶುಕ್ರನ ಪಟ. ಕೊಪ್ಪದ ಹೆಂಗಸರನ್ನು ಗದ್ದೆಯಿಂದಲೇ ಎಬ್ಬಿಸಿ ತಂದು ಕೂರಿಸಿದ್ದರಿಂದ ಎಲ್ಲರ ಸೊಂಟದಲ್ಲೂ ಕೊಯ್ಲಿನ ಕತ್ತಿ ಇತ್ತು. ಉಗ್ರಾಣದ ಕೆಲವು ಚೀಲಗಳನ್ನು ಹೊರತಂದು ಮೇಜಿನ ಪಕ್ಕ ನಿಲ್ಲಿಸಿದ್ದರು.

ಚೌಡನ ಮಗನಿಗೆ ಎಣ್ಣೆ ಹಚ್ಚಿ ಮೀಸಿದ್ದರು. ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿಸಿ ಕರಿನೂಲು ಕಟ್ಟಿದ್ದರು. ಚೌಡನ ಹೆಂಡತಿ ಅಳುಮುಖ ಮಾಡಿಕೊಂಡು ಅವನನ್ನು ಸಣ್ಣಿಯ ತೊಡೆಯ ಮೇಲಿಟ್ಟಳು. “ಜೋಪಾನ ತಂಗಿ,” ಅಂದಳು ಮೆಲ್ಲಗೆ. ಕೂಸು ಭಾರವಿತ್ತು. ಸಣ್ಣಿ ಅದನ್ನು ದೂಡಲಿಲ್ಲ. ಅದು ಅವಳ ಮಣಿಸರ ಹಿಡಿದು ಬಾಯಿಗಿಟ್ಟುಕೊಂಡು ಚೀಪತೊಡಗಿತು.

ಬಿಳಿಯಮ್ಮ ಜೀಪಿನಿಂದ ಇಳಿದವಳೇ ಸಣ್ಣಿಯ ಗುರುತು ಹಿಡಿದಳು. ಓಡಿ ಬಂದಳು. ಕೂಸಿನ ಗುಂಡು ಕೆನ್ನೆ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊಣಕಾಲೂರಿ ಕೂಸನ್ನೂ ಸಣ್ಣಿಯನ್ನೂ ಒಟ್ಟಿಗೆ ತಬ್ಬಿಕೊಂಡಳು. ಬಿಳಿ ದೊರೆ ಒಡೇರ ಕೈ ಕುಲುಕಿದ. ಎಲ್ಲರೂ ಚಪ್ಪಾಳೆ ಹೊಡೆದರು.

ಬಿಳಿಯಮ್ಮ ಏನೋ ಕೇಳಿದಳು. ಸಾಹೇಬ ಕನ್ನಡದಲ್ಲಿ, “ಇಷ್ಟು ಚಂದ ಬೆಳೆದ ಮಗನನ್ನು ನೋಡಿ ನಿನಗೆ ಏನು ಅನಿಸುತ್ತದೆ, ಹೇಳಬೇಕಂತೆ,” ಅಂದ.

ಸಣ್ಣಿ ಬಿಳಿಯಮ್ಮನ ಮುಖವನ್ನೇ ನೋಡಿ ಹೇಳಿದಳು. “ಇದು ನನ್ ಕೂಸಲ್ಲ. ನನ್ ಕೂಸು ಸತ್ತೋತು.”

ಸಾಹೇಬ ನಗುನಗುತ್ತ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಬಿಳಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ತಲೆ ಬಾಗಿಸಿದಳು. ಮತ್ತೆ ಚಪ್ಪಾಳೆ.

“ಅಲ್ಲ! ಸತ್ತೋತು ಅಂದೆ ನಾನು!” ಸಣ್ಣಿ ಕೂಗಿದಳು. “ಹಾಲಿಲ್ದೆ ಸತ್ತೋತು! ಇವ್ರ ಮೆಟ್ಲ ಮೇಲೆ ಸತ್ತೋತು!”

ಸಾಹೇಬ ಇನ್ನೂ ಏನೋ ಹೇಳಿದ. ಬಿಳಿ ದೊರೆ ಸಂತೋಷದಿಂದ ತಲೆಯಾಡಿಸಿದ. ಒಡೇರು ಹಲ್ಲು ಕಿರಿಯುತ್ತಲೇ, ತುಟಿ ಅಲುಗಿಸದೆ, “ಬಾಯ್ಮುಚ್ಚೆ ರಂಡೆ. ಹಮ್ಮನ ಹೆಣ ಕಾಣ್ತ್ಯೆ,” ಅಂದರು.

ಸಣ್ಣಿ ಎದ್ದಳು. ಕೂಸಿನ ಬಾಯಿಂದ ಸರ ಬಿಡಿಸಿ, ಕೂಸನ್ನು ಹೆತ್ತವಳ ಕೈಗೆ ಕೊಟ್ಟಳು. “ಹಿಡ್ಕ ಅಕ್ಕ, ನಿನ್ನ ಮಗ,” ಅಂದಳು. ಚೌಡನ ಹೆಂಡತಿ ಅದನ್ನು ಕಸಿದುಕೊಂಡು ಮುದ್ದಿಟ್ಟಳು. ಕೂಸು ಅವಳ ಕುತ್ತಿಗೆಗೆ ಜೋತುಬಿದ್ದು, “ಅವ್ವೀ” ಎಂದಿತು. ಬಿಳಿಯಮ್ಮನ ನಗು ಅಲ್ಲೇ ನಿಂತಿತು. ಅವಳು ಆ ತಾಯಿಯನ್ನೂ ಸಣ್ಣಿಯನ್ನೂ ಬದಲಿಸಿ ಬದಲಿಸಿ ನೋಡಿದಳು.

ಸಣ್ಣಿ ಬಿಳಿಯಮ್ಮನ ಮಣಿಕಟ್ಟು ಹಿಡಿದು ಎಳೆದಳು. “ಬಾ.”

ಚೌಡನ ದೊಣ್ಣೆ ಅವಳ ಬೆನ್ನಿಗೆ ಬಿತ್ತು. ಬಿಳಿಯಮ್ಮ ಚೀರಿದಳು. ಸಾಹೇಬ, “ಹುಚ್ಚಿ, ಹುಚ್ಚಿ,” ಎಂದು ಕನ್ನಡದಲ್ಲೇ ಅಂದುಬಿಟ್ಟು, ಮತ್ತೆ ಇಂಗ್ಲಿಷಿಗೆ ತಿರುಗಿದ. ಎರಡನೆಯ ಏಟಿಗೆ ಚೌಡ ದೊಣ್ಣೆ ಎತ್ತಿದಾಗ ಚಪ್ಪರದ ಹಿಂದಿನಿಂದ ಹಮ್ಮ ಬಂದು ಅವನ ಕಾಲಿಗೆ ಬಿದ್ದ. ಬೇಡಿಕೊಳ್ಳಲು ಬಿದ್ದದ್ದಲ್ಲ. ಎರಡೂ ಕಾಲನ್ನು ತೋಳಲ್ಲಿ ಬಿಗಿದು ಹಲ್ಲಿನಿಂದ ಮೀನಖಂಡ ಕಚ್ಚಿ ಹಿಡಿದ. ಚೌಡ ಕಿರುಚಿ ಅವನ ತಲೆಗೆ ಹೊಡೆದ. ಮತ್ತೆ ಹೊಡೆದ. ಕೂದಲೊಳಗಿಂದ ನೆತ್ತರು ಚಿಮ್ಮಿ ಚೌಡನ ಪಂಚೆಗೆ ಬಿತ್ತು. ಹಮ್ಮ ಬಿಡಲಿಲ್ಲ.

“ಹೋಗೇ, ಕರ್ಕೊಂಡ್ ಹೋಗೇ ಸಣ್ಣಿ!” ಎಂದು ಕೂಗಿದಳು ತಿಮ್ಮಿ. ಆ ಮುದುಕಿ ಹಾಲಿನ ಹುಡಿಯ ಚೀಲದ ಹೊಟ್ಟೆಗೆ ಕತ್ತಿ ಹಾಕಿ ಮೇಲಿಂದ ಕೆಳಗೆ ಸೀಳಿದಳು. ಎರಡು ಕೈಯಲ್ಲೂ ಹುಡಿ ಬಾಚಿ ಒಡೇರ ಮುಖಕ್ಕೆ ಎರಚಿದಳು. ಒಡೇರು ಕಣ್ಣುಜ್ಜಿಕೊಳ್ಳುತ್ತ ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಬೆಳ್ಳಿ ಅವರ ಎದೆಯ ಮೇಲೆ ಕಾಲಿಟ್ಟು ದಾಟಿ ಹೋದಳು.

*

ತೋಪಿನ ಅಂಚಿಗೆ ಸಣ್ಣಿ ಬಿಳಿಯಮ್ಮನನ್ನು ಎಳೆದುಕೊಂಡೇ ಬಂದಳು. ಹಿಂದೆ ಬಿಳಿ ದೊರೆ, ಏದುಸಿರು ಬಿಡುತ್ತ ಸಾಹೇಬ, ಅವರ ಹಿಂದೆ ಕೊಪ್ಪದ ಹೆಂಗಸರು. ಮುಳ್ಳು ಒಣಗಿ ಹುಡಿಯಾಗಿತ್ತು. ಸಣ್ಣಿ ಅದನ್ನು ಬರಿಗೈಯಿಂದ ಬದಿಗೆ ಎಳೆದಳು. ಚಿರೆಕಲ್ಲುಗಳನ್ನು ಹೊರಳಿಸಿದಳು. ಕತ್ತಿಯಿಂದ ಮರಳು ಕೆದಕಿದಳು, ಆಮೇಲೆ ಕತ್ತಿ ತಾಗೀತೆಂದು ಬಿಸಾಡಿ ಬೆರಳಿನಿಂದ ತೋಡಿದಳು. ಉಗುರು ಕಿತ್ತು ನೆತ್ತರು ಬಂದರೂ ನಿಲ್ಲಿಸಲಿಲ್ಲ. ಬಿಳಿಯಮ್ಮನಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಬೇಡ ಬೇಡ ಎಂಬಂತೆ ಕೈಯಾಡಿಸಿದಳು.

ಮರಳೊಳಗೆ ಕೆಂಪಂಚಿನ ಬಟ್ಟೆ ಕಂಡಿತು. ಸಣ್ಣಿ ಎರಡೂ ಅಂಗೈ ಅಡಿಗೆ ಕೊಟ್ಟು ಮೆಲ್ಲಗೆ ಎತ್ತಿದಳು. ನಿದ್ದೆಯಲ್ಲಿದ್ದ ಕೂಸನ್ನು ಎತ್ತುವ ಹಾಗೆ. ಭಾರವೇ ಇರಲಿಲ್ಲ. ಬಟ್ಟೆ ಜೀರ್ಣವಾಗಿ ಹರಿಯಿತು, ಸಣ್ಣ ಎಲುಬುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮರಳಲ್ಲಿ ಕುಸಿದು ಕೂತಿದ್ದ ಬಿಳಿಯಮ್ಮನ ಮಡಿಲಿಗೆ ಅದನ್ನು ಇಟ್ಟಳು. ಬಿಳಿಯಮ್ಮ ಹಿಂದೆ ಸರಿಯಲಿಲ್ಲ. ಅವಳ ಕೈಗಳು ಗಾಳಿಯಲ್ಲೇ ನಿಂತವು. ಮುಟ್ಟಲೂ ಇಲ್ಲ, ದೂಡಲೂ ಇಲ್ಲ. ಸಾಹೇಬ ಇಂಗ್ಲಿಷಿನಲ್ಲಿ ಏನೋ ತೊದಲಿದ. ಬಿಳಿ ದೊರೆ ಅವನತ್ತ ತಿರುಗಿ ಒಂದೇ ಮಾತಲ್ಲಿ ಗದರಿದ. ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

ಸಣ್ಣಿ ಮರಳು ಮೆತ್ತಿದ ಕೈಯಿಂದ ಸಾಹೇಬನ ಅಂಗಿಯ ಎದೆ ಹಿಡಿದಳು.

“ಹೇಳೋ. ಇದನ್ನೂ ಹೇಳು ಅವ್ರ ಭಾಷೇಲಿ.”

ಚಪ್ಪರದ ಕಡೆಯಿಂದ ಹಮ್ಮನ ಕೆಮ್ಮು ಕೇಳುವುದು ನಿಂತು ಸ್ವಲ್ಪ ಹೊತ್ತಾಗಿತ್ತು. ಗಾಳಿಮರಗಳ ನಡುವೆ ದೊಣ್ಣೆ ಹಿಡಿದು ಒಡೇರ ಆಳುಗಳು ಓಡಿ ಬರುತ್ತಿದ್ದರು. ಬೆಳ್ಳಿ ಸೊಂಟದ ಕತ್ತಿ ಕೈಗೆ ತೆಗೆದುಕೊಂಡಳು. ಅವಳ ಪಕ್ಕದವಳೂ ತೆಗೆದುಕೊಂಡಳು. ಕೊಪ್ಪದ ಹೆಂಗಸರು ತೋಡಿದ ಮರಳಿಗೆ ಬೆನ್ನು ಕೊಟ್ಟು, ದೊಣ್ಣೆಗಳ ಕಡೆಗೆ ಮುಖ ಮಾಡಿ ನಿಂತರು.